ಬಿಡಿ ಹೋದರೂ ಇಡಿ ಉಳಿಯುವುದೆ?

ಭಾಗಗಳು ಒಂದೊಂದಾಗಿ ಬದಲಾಗುತ್ತ ಹೋದರೂ ಇಡೀ ವಸ್ತು ಅದೇ ಆಗಿ ಉಳಿಯುತ್ತದೆಯೆ? ಅಥವಾ ಪ್ರತಿ ಬದಲಾವಣೆಯಲ್ಲೂ ಹಳೆಯದು ಅಳಿದು ಹೊಸದು ಹುಟ್ಟುತ್ತದೆಯೆ? ಭಾರತೀಯ ದರ್ಶನಗಳಲ್ಲಿ ಇಷ್ಟು ದೀರ್ಘಕಾಲ ಜಗ್ಗಾಟಕ್ಕೆ ಸಿಕ್ಕಿದ ಪ್ರಶ್ನೆಗಳು ಕಡಿಮೆ. ಬೌದ್ಧರು, ಜೈನರು, ನೈಯಾಯಿಕರು, ವೈಶೇಷಿಕರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟರು. ವಾದ ಇಕ್ಕಟ್ಟಿಗೆ ಸಿಕ್ಕಾಗ ಅದನ್ನು ಪಾರುಮಾಡುತ್ತಿದ್ದ ಮಾತೊಂದಿತ್ತು: ಬದಲಾವಣೆ ನಡೆದೇ ನಡೆಯುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು ಬೇಗ. ಆ ಬೇಗವನ್ನು ಅಳೆಯುವ ಉಪಾಯ 20ನೆಯ ಶತಮಾನದಲ್ಲಿ ಸಿಕ್ಕಿತು. ಎರಡು ದ್ರಾವಣಗಳನ್ನು ಸೆಕೆಂಡಿನ ಸಾವಿರದ ಒಂದು ಪಾಲಿನೊಳಗೆ ಪೂರ್ತಿ ಬೆರೆಸಿ, ಬೆರೆತ ಕೂಡಲೇ ಏನಾಗುತ್ತದೆಂದು ಬೆಳಕಿನ ನೆರವಿನಿಂದ ನೋಡುವ ಕ್ಷಿಪ್ರ ಮಿಶ್ರಣ ಪ್ರಯೋಗವೇ ಆ ಉಪಾಯ. ಸಾಬೂನಿನ ನೀರಿನಲ್ಲಿ ತಾವಾಗಿಯೇ ಕಟ್ಟಿಕೊಳ್ಳುವ ಮಿಸೆಲ್ ಎಂಬ ಅಣುಗುಚ್ಛಗಳ ಮೇಲೂ, ಕಿಣ್ವ ಮತ್ತು ಪ್ರೋಟೀನುಗಳ ಮೇಲೂ ಈ ಪ್ರಯೋಗ ನಡೆದಿದೆ. ಅದರ ಫಲಿತಾಂಶಗಳು ಹಳೆಯ ಜಗಳವನ್ನು ಪೂರ್ತಿ ಬಗೆಹರಿಸುವುದಿಲ್ಲ. ಆದರೆ ಯಾರ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ತೋರಿಸಿಕೊಡುತ್ತವೆ.

ಈ ಪ್ರಶ್ನೆಯನ್ನು ಕಣ್ಣೆದುರು ಇಟ್ಟುಕೊಳ್ಳಲು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಬೆಟ್ಟದ ಎತ್ತರ 3,469 ಅಡಿ. ಸೀತೆಯನ್ನು ಬಿಡಿಸಲು ರಾವಣನೊಡನೆ ಕಾದಿದ ಜಟಾಯು ಬಿದ್ದದ್ದು ಇಲ್ಲಿಯೇ ಎಂಬುದು ಸ್ಥಳದ ಐತಿಹ್ಯ. ಮೇಲಿರುವ ರಾಮೇಶ್ವರನ ಗುಡಿ ಮೊದಲು ಇಟ್ಟಿಗೆಯದಾಗಿತ್ತು, 962ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಲಾಯಿತು ಎಂದು ಹಳೆಯ ಗೆಜೆಟಿಯರ್ ದಾಖಲಿಸುತ್ತದೆ. ಇಟ್ಟಿಗೆಯೆಲ್ಲ ಹೋಗಿ ಕಲ್ಲು ಬಂದರೂ ಭಕ್ತರ ಪಾಲಿಗೆ ಅದು ಹೊಸ ಗುಡಿಯಲ್ಲ, ಅದೇ ಗುಡಿ. 1892ರಲ್ಲಿ ಬಿ. ಎಲ್. ರೈಸ್ ಈ ಬೆಟ್ಟದಲ್ಲೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಅಶೋಕನ ಕಿರು ಬಂಡೆಶಾಸನಗಳನ್ನು ಗುರುತಿಸಿದರು. ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಈ ಆದೇಶದಲ್ಲಿ, ಧರ್ಮಕ್ಕಾಗಿ ಕೈಗೊಂಡ ಪ್ರಯತ್ನ ಬಹುಕಾಲ ಬಾಳಲಿ ಎಂಬ ಹಾರೈಕೆಯೂ ಇದೆ. ಜಟಿಂಗ ರಾಮೇಶ್ವರದ ಪಾಠ ಇರುವ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಬಳೆ ಹರಡಿಕೊಂಡು ಕೂರುತ್ತಿದ್ದರು. ವರ್ಷ ವರ್ಷವೂ ಕೂತು, ನಡೆದು, ತುಳಿದು ಅಕ್ಷರಗಳು ಸವೆದುಹೋಗಿವೆ. ಮೂರು ಪಾಠಗಳಲ್ಲಿ ಇದನ್ನು ಓದುವುದು ಬಹಳ ಕಷ್ಟ. ಕಲ್ಲಿಗೂ ಒಂದು ಗತಿ ಇದೆ. ಅದು ಶತಮಾನಗಳ ಲೆಕ್ಕದ್ದು ಅಷ್ಟೆ.

ದರ್ಶನಗಳ ಜಗಳ ಹೆಚ್ಚು ಮೊನಚಾಗಿ ಕಾಣುವುದು ಗಡಿಗೆಯ ಉದಾಹರಣೆಯಲ್ಲಿ. ಹಸಿ ಗಡಿಗೆ ಕಪ್ಪಾಗಿರುತ್ತದೆ, ಆವಿಗೆಯಲ್ಲಿ ಬೆಂದ ಮೇಲೆ ಕೆಂಪಾಗುತ್ತದೆ. ಬಣ್ಣ ಬದಲಾದದ್ದು ಯಾವುದರದ್ದು, ಗಡಿಗೆಯದ್ದೋ ಪರಮಾಣುಗಳದ್ದೋ? ವೈಶೇಷಿಕರು ಪರಮಾಣುಗಳದ್ದು ಎಂದರು. ಪ್ರಶಸ್ತಪಾದನ ಭಾಷ್ಯದಲ್ಲಿ ವಿವರವಾಗಿ ಬರುವ ಈ ಪೀಲುಪಾಕ ವಾದದ ಪ್ರಕಾರ ಬೆಂಕಿ ತಾಗಿದೊಡನೆ ಗಡಿಗೆ ಪರಮಾಣುಗಳವರೆಗೂ ಬಿಡಿಬಿಡಿಯಾಗುತ್ತದೆ, ಪರಮಾಣುಗಳಲ್ಲಿ ಕಪ್ಪು ಅಳಿದು ಕೆಂಪು ಹುಟ್ಟುತ್ತದೆ, ಅವು ಎರಡೆರಡು, ಮೂರು ಮೂರಾಗಿ ಮತ್ತೆ ಕೂಡಿ ಹೊಸ ಗಡಿಗೆಯಾಗುತ್ತವೆ. ನೈಯಾಯಿಕರದು ಪಿಠರಪಾಕ ವಾದ. ಗಡಿಗೆ ಗಡಿಗೆಯಾಗಿಯೇ ಇರುತ್ತದೆ. ಅದರ ಮೈಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಬೆಂಕಿಯ ಕಣಗಳು ಒಳಹೊಕ್ಕು ಬಣ್ಣ ಬದಲಿಸುತ್ತವೆ ಎಂದರು. ಅವರ ಆಕ್ಷೇಪಗಳು ಕುಂಬಾರನೇ ಎತ್ತಬಹುದಾದಂಥವು. ಗಡಿಗೆ ನಿಜಕ್ಕೂ ಪುಡಿಯಾದರೆ ಅದರ ಮೇಲೆ ಪೇರಿಸಿಟ್ಟ ಗಡಿಗೆಗಳು ಯಾಕೆ ಕುಸಿಯುವುದಿಲ್ಲ? ಬೇಯುವ ಮೊದಲು ಎಳೆದ ಗೀರು ಬೆಂದ ಮೇಲೂ ಅದೇ ಜಾಗದಲ್ಲಿ ಹೇಗಿರುತ್ತದೆ? ವೈಶೇಷಿಕರ ಉತ್ತರ ಒಂದೇ: ಎಲ್ಲವೂ ಅತಿ ಬೇಗ ನಡೆಯುತ್ತದೆ, ಹಾಗಾಗಿ ನಡುವಿನ ಬಿರುಕು ತೋರುವುದಿಲ್ಲ. ಉತ್ತರವನ್ನು ಅಷ್ಟಕ್ಕೇ ಬಿಡದೆ ಹಂತಗಳನ್ನೂ ಎಣಿಸಿದರು ಎಂಬುದು ಅವರ ಹಿರಿಮೆ. ಹಳೆಯದರ ನಾಶದಿಂದ ಹೊಸದರಲ್ಲಿ ಕೆಂಪು ಹುಟ್ಟುವವರೆಗೆ ಒಂಬತ್ತು ಕ್ಷಣ, ಬೇರೆ ಲೆಕ್ಕದಲ್ಲಿ ಹತ್ತು, ಇನ್ನೊಂದರಲ್ಲಿ ಹನ್ನೊಂದು ಎಂದು ನ್ಯಾಯ-ವೈಶೇಷಿಕ ಗ್ರಂಥಗಳು ಪಟ್ಟಿಮಾಡುತ್ತವೆ. ಒಂದು ಕ್ರಿಯೆಯನ್ನು ಮಧ್ಯಂತರ ಹಂತಗಳಾಗಿ ಒಡೆದು, ಯಾವುದಾದ ಮೇಲೆ ಯಾವುದು ಎಂದು ಬರೆಯುವ ಈ ಕೆಲಸವನ್ನೇ ಇಂದಿನ ರಸಾಯನಶಾಸ್ತ್ರ ಕ್ರಿಯಾವಿಧಾನ ಎನ್ನುತ್ತದೆ. ಅವರ ಹತ್ತಿರ ಇಲ್ಲದಿದ್ದದ್ದು ಗಡಿಯಾರ.

ಬೌದ್ಧರ ಹತ್ತಿರ ಲೆಕ್ಕವಾದರೂ ಇತ್ತು. ವಸುಬಂಧುವಿನ ಅಭಿಧರ್ಮಕೋಶದಲ್ಲಿ 120 ಕ್ಷಣ ಒಂದು ತತ್ಕ್ಷಣ, 60 ತತ್ಕ್ಷಣ ಒಂದು ಲವ, 30 ಲವ ಒಂದು ಮುಹೂರ್ತ, 30 ಮುಹೂರ್ತ ಒಂದು ಹಗಲಿರುಳು. ಗುಣಿಸಿದರೆ ದಿನಕ್ಕೆ 64,80,000 ಕ್ಷಣ; ಅಂದರೆ ಒಂದು ಕ್ಷಣ ಸೆಕೆಂಡಿನ 75ನೆಯ ಒಂದು ಪಾಲು, ಸುಮಾರು 13 ಮಿಲಿಸೆಕೆಂಡ್. ಇರುವುದೆಲ್ಲ ಕ್ಷಣಿಕ, ಇಡಿ ಎಂಬುದು ಬಿಡಿಗಳಿಗೆ ನಾವಿಟ್ಟ ಹೆಸರು, ಉಳಿಯುವುದು ಒಂದರ ಹಿಂದೊಂದು ಹುಟ್ಟುವ ಸಂತಾನ ಮಾತ್ರ ಎಂಬುದು ಅವರ ನಿಲುವು. ಜೈನರು ನಡುವಿನ ದಾರಿ ಹಿಡಿದರು. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುತ್ತವೆ ಎಂದರು. ಸಮಂತಭದ್ರನ ಆಪ್ತಮೀಮಾಂಸೆಯಲ್ಲಿ ಚಿನ್ನದ ಗಡಿಗೆಯನ್ನು ಕರಗಿಸಿ ಕಿರೀಟ ಮಾಡುವ ಪ್ರಸಂಗವಿದೆ: ಗಡಿಗೆ ಬೇಕಾದವನು ಅಳುತ್ತಾನೆ, ಕಿರೀಟ ಬೇಕಾದವನು ನಗುತ್ತಾನೆ, ಚಿನ್ನ ಬೇಕಾದವನು ಸುಮ್ಮನಿರುತ್ತಾನೆ.

ಈ ವಾದಗಳನ್ನು ಮಿಸೆಲ್ ಹತ್ತಿರಕ್ಕೆ ತರುವ ಮೊದಲು ಮಿಸೆಲ್ ಎಂದರೇನೆಂದು ತಿಳಿಯಬೇಕು. ಸಾಬೂನಿನ ಅಣುವಿಗೆ ನೀರನ್ನು ಬಯಸುವ ತಲೆ, ನೀರನ್ನು ಒಲ್ಲದ ಎಣ್ಣೆಯಂಥ ಬಾಲ ಇರುತ್ತವೆ. ನೀರಿನಲ್ಲಿ ಸಾಬೂನು ಕಡಿಮೆ ಇದ್ದಾಗ ಅಣುಗಳು ಒಂಟಿಯಾಗಿ ತಿರುಗುತ್ತವೆ. ಒಂದು ನಿರ್ದಿಷ್ಟ ಸಾಂದ್ರತೆ ದಾಟಿದೊಡನೆ ಬಾಲಗಳನ್ನು ಒಳಗೆ ಮಾಡಿ, ತಲೆಗಳನ್ನು ಹೊರಗೆ ಚಾಚಿ ಗುಂಪುಗೂಡುತ್ತವೆ. ಶಾಂಪೂ, ಟೂತ್‌ಪೇಸ್ಟುಗಳಲ್ಲಿ ಬಳಕೆಯಾಗುವ ಸೋಡಿಯಂ ಡೊಡೆಸಿಲ್ ಸಲ್ಫೇಟ್ ಲೀಟರಿಗೆ ಸುಮಾರು 8 ಮಿಲಿಮೋಲ್ ದಾಟಿದಾಗ, ಅರುವತ್ತರ ಆಸುಪಾಸಿನ ಸಂಖ್ಯೆಯ ಅಣುಗಳು ಸೇರಿ ನಾಲ್ಕು ನ್ಯಾನೊಮೀಟರ್ ಅಗಲದ ಉಂಡೆಯಾಗುತ್ತವೆ. ಈ ಗುಂಪುಗಾರಿಕೆಯನ್ನು ಜೆ. ಡಬ್ಲ್ಯೂ. ಮ್ಯಾಕ್‌ಬೈನ್ 1913ರಲ್ಲಿ ಸೂಚಿಸಿದ್ದರು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹಿಂದೆಯೂ ಇದರ ಕೆಲಸವಿದೆ. ಹಸಿ ರೇಷ್ಮೆಯ ಎಳೆಗೆ ಸೆರಿಸಿನ್ ಎಂಬ ಅಂಟು ಮೆತ್ತಿಕೊಂಡಿರುತ್ತದೆ. ಬಣ್ಣ ಹಾಕುವ ಮೊದಲು ಸಾಬೂನು, ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೂಲನ್ನು ಕುದಿಸಿ ಆ ಅಂಟನ್ನು ಬಿಡಿಸುವುದು ರೇಷ್ಮೆ ಕಸುಬಿನ ಹಳೆಯ ಕ್ರಮ. ಕಾಲು ಭಾಗದಷ್ಟು ತೂಕ ಇಳಿದ ಮೇಲೆಯೇ ನೂಲಿಗೆ ಹೊಳಪು, ಮೆದುತನ ಬರುವುದು.

ಮಿಸೆಲ್ ಎಷ್ಟು ಹೊತ್ತು ಬದುಕಿರುತ್ತದೆ ಎಂದು ಕೇಳಲು ಮೊದಲು ಬೇಕಾದದ್ದು ಬೇಗ ಬೆರೆಸುವ ಯಂತ್ರ. ಅದು ಹುಟ್ಟಿದ್ದು ಸಾಬೂನಿಗಲ್ಲ, ರಕ್ತಕ್ಕೆ. ಹಿಮೊಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ವೇಗವನ್ನು ಅಳೆಯಲು ಕೇಂಬ್ರಿಜ್‌ನ ಹಾರ್ಟ್‌ರಿಜ್ ಮತ್ತು ರೋಟನ್ 1923ರಲ್ಲಿ ಒಂದು ಜಾಣ ಉಪಾಯ ಹೂಡಿದರು. ಎರಡು ದ್ರಾವಣಗಳು ರಭಸದಿಂದ ಬಂದು ಕೂಡುವ ಕಡೆಯಿಂದ ಒಂದು ಗಾಜಿನ ಕೊಳವೆ ಹೊರಡುತ್ತದೆ. ಹರಿವಿನ ವೇಗ ಗೊತ್ತಿದ್ದರೆ, ಕೊಳವೆಯಲ್ಲಿ ಇಷ್ಟು ಸೆಂಟಿಮೀಟರ್ ಮುಂದೆ ಇರುವ ದ್ರವ ಬೆರೆತು ಇಷ್ಟು ಮಿಲಿಸೆಕೆಂಡ್ ಆಗಿದೆ ಎಂದು ಹೇಳಬಹುದು. ಕಾಲವನ್ನು ಅಳೆಯುವ ಬದಲು ದೂರವನ್ನು ಅಳೆದರೆ ಸಾಕು. ತೊಂದರೆ ಎಂದರೆ ಹರಿವು ನಿಲ್ಲದಂತೆ ಲೀಟರುಗಟ್ಟಲೆ ದ್ರಾವಣ ಸುರಿಯುತ್ತಲೇ ಇರಬೇಕು. 1940ರಲ್ಲಿ ಬ್ರಿಟನ್ ಚಾನ್ಸ್ ಹರಿವನ್ನು ಥಟ್ಟನೆ ನಿಲ್ಲಿಸಿ, ನಿಂತ ದ್ರವದಲ್ಲಿ ಮುಂದೇನಾಗುತ್ತದೆಂದು ನೋಡುವ ಸ್ಟಾಪ್ಡ್ ಫ್ಲೋ ಪದ್ಧತಿಯನ್ನು ರೂಪಿಸಿದರು. ಇಂದಿನ ಯಂತ್ರದಲ್ಲಿ ಎರಡು ಸಿರಿಂಜುಗಳು ಗಾಳಿಯ ಒತ್ತಡಕ್ಕೆ ಒಟ್ಟಿಗೆ ಮುಂದೆ ನುಗ್ಗುತ್ತವೆ, ದ್ರಾವಣಗಳು ಸಣ್ಣ ಮಿಕ್ಸರಿನಲ್ಲಿ ಸುಳಿಸುತ್ತಿ ಬೆರೆತು ಅಂಗುಲಕ್ಕಿಂತ ಕಿರಿದಾದ ಗಾಜಿನ ಕೋಶವನ್ನು ತುಂಬುತ್ತವೆ, ಮೂರನೆಯ ಸಿರಿಂಜಿನ ದಂಡ ಹಿಂದಕ್ಕೆ ಸರಿದು ತಡೆಗೆ ಬಡಿದೊಡನೆ ಹರಿವು ನಿಲ್ಲುತ್ತದೆ. ಆ ಬಡಿತವೇ ದಾಖಲಾತಿಯ ಆರಂಭ. ಕೋಶದ ಮೂಲಕ ಹಾಯುವ ಬೆಳಕು, ಪ್ರತಿದೀಪ್ತಿ, ಇಲ್ಲವೆ ವಿದ್ಯುದ್ವಾಹಕತೆ ಬದಲಾಗುವ ರೀತಿ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಬೆರೆತದ್ದಕ್ಕೂ ನೋಡಲು ಶುರುಮಾಡಿದ್ದಕ್ಕೂ ನಡುವೆ ಕಳೆದುಹೋಗುವ ಒಂದು ಮಿಲಿಸೆಕೆಂಡಿನಷ್ಟು ಹೊತ್ತಿಗೆ ಡೆಡ್ ಟೈಮ್ ಎಂಬ ಹೆಸರಿದೆ. ಅದು ವಸುಬಂಧುವಿನ ಕ್ಷಣದ ಹದಿಮೂರನೆಯ ಒಂದು ಪಾಲು.

ಜ್ಞಾನಮೀಮಾಂಸೆಯ ದೃಷ್ಟಿಯಿಂದ ಈ ಯಂತ್ರದ ಮೊದಲ ದೊಡ್ಡ ಗೆಲುವು 1943ರದ್ದು. ಕಿಣ್ವ ಮೊದಲು ತನ್ನ ಆಹಾರವಸ್ತುವಿನೊಡನೆ ಕೂಡಿ ಒಂದು ಸಂಯುಕ್ತವಾಗುತ್ತದೆ, ಆಮೇಲೆ ಬಿಡುತ್ತದೆ ಎಂಬ ಊಹೆಯ ಮೇಲೆ ಮಿಕೇಲಿಸ್ ಮತ್ತು ಮೆಂಟನ್ 1913ರಲ್ಲಿ ತಮ್ಮ ಸಮೀಕರಣವನ್ನು ನಿಲ್ಲಿಸಿದ್ದರು. ಆ ಸಂಯುಕ್ತವನ್ನು ಅವರು ನೋಡಿರಲಿಲ್ಲ. ಲೆಕ್ಕ ಸರಿಹೊಂದಿದ್ದೇ ಆಧಾರ. ಮೂವತ್ತು ವರ್ಷದ ಮೇಲೆ ಚಾನ್ಸ್ ಪೆರಾಕ್ಸಿಡೇಸ್ ಕಿಣ್ವವನ್ನು ಹೈಡ್ರೋಜನ್ ಪೆರಾಕ್ಸೈಡಿನೊಡನೆ ಬೆರೆಸಿ, ಆ ಸಂಯುಕ್ತ ಹುಟ್ಟುವುದನ್ನೂ ಕರಗುವುದನ್ನೂ ದಾಖಲಿಸಿದರು. ಅಲ್ಲಿಯವರೆಗೆ ಅನುಮಾನವಾಗಿದ್ದದ್ದು ಪ್ರತ್ಯಕ್ಷವಾಯಿತು. ವೈಶೇಷಿಕರು ಗಡಿಗೆಯ ಬಗ್ಗೆ ಬಯಸಿದ್ದು ಇಂಥದೇ ಸಾಕ್ಷಿಯನ್ನು.

ಮಿಸೆಲ್ ವಿಷಯದಲ್ಲಿ ಪ್ರಯೋಗ ಇನ್ನೂ ಸರಳ. ಒಂದು ಸಿರಿಂಜಿನಲ್ಲಿ ಮಿಸೆಲ್‌ಗಳಿರುವ ದ್ರಾವಣ, ಇನ್ನೊಂದರಲ್ಲಿ ಬರೀ ನೀರು. ಲೀಟರಿಗೆ 10 ಮಿಲಿಮೋಲ್ ಇದ್ದದ್ದು ಸಮಪಾಲು ನೀರು ಸೇರಿ 5 ಆಗುತ್ತದೆ. ಗುಂಪು ಕಟ್ಟಲು ಬೇಕಾದ 8ಕ್ಕಿಂತ ಕೆಳಗೆ ಇಳಿಯುತ್ತದೆ. ಇನ್ನು ಮಿಸೆಲ್‌ಗಳಿಗೆ ಉಳಿಗಾಲವಿಲ್ಲ. ಅವು ಒಡೆದಂತೆ ತಲೆಗಳಿಗೆ ಅಂಟಿಕೊಂಡಿದ್ದ ಸೋಡಿಯಂ ಅಯಾನುಗಳು ಬಿಡುಗಡೆಯಾಗಿ ವಾಹಕತೆ ಬದಲಾಗುತ್ತದೆ. ಪೈರೀನಿನಂಥ ಹೊಳೆಯುವ ಅಣುವನ್ನು ಒಳಗಿಟ್ಟಿದ್ದರೆ ಅದರ ಹೊಳಪು ಬದಲಾಗುತ್ತದೆ. ಗೆರೆ ಇಳಿಯುವ ವೇಗದಿಂದ ಒಡೆಯುವ ವೇಗ ಸಿಗುತ್ತದೆ. ಸಾಬೂನಿನ ಜಾತಿ, ಸಾಂದ್ರತೆ, ಉಪ್ಪು, ಬಿಸಿಗಳಿಗೆ ತಕ್ಕಂತೆ ಇದು ಮಿಲಿಸೆಕೆಂಡಿನಿಂದ ಹಿಡಿದು ಸೆಕೆಂಡು, ಕೆಲವು ಕಡೆ ನಿಮಿಷಗಳವರೆಗೂ ಹಿಗ್ಗುತ್ತದೆ.

ಇದಕ್ಕಿಂತ ಬಹಳ ಬೇಗ ನಡೆಯುವ ಇನ್ನೊಂದು ಕ್ರಿಯೆ ಇದೆ, ಅದು ಬೆರಕೆ ಯಂತ್ರದ ಕೈಗೆ ಸಿಗುವುದಿಲ್ಲ. ಮಿಸೆಲ್ ಇಡಿಯಾಗಿ ಇರುವಾಗಲೇ ಅದರ ಅಣುಗಳು ಒಂದೊಂದಾಗಿ ಹೊರಗೆ ಹೋಗಿ, ಹೊರಗಿನವು ಒಳಗೆ ಬರುತ್ತಿರುತ್ತವೆ. ಇದನ್ನು ಹಿಡಿಯಲು ಶ್ರವಣಾತೀತ ಶಬ್ದ, ಥಟ್ಟನೆ ಏರಿಸಿದ ಒತ್ತಡ ಅಥವಾ ಉಷ್ಣತೆ ಬೇಕು. ಇಂಥ ಜಿಗಿತದ ವಿಧಾನಗಳಿಗಾಗಿ ಮಾನ್‌ಫ್ರೆಡ್ ಐಗನ್ 1967ರ ನೊಬೆಲ್ ಬಹುಮಾನವನ್ನು ನಾರಿಶ್ ಮತ್ತು ಪೋರ್ಟರ್ ಅವರೊಡನೆ ಹಂಚಿಕೊಂಡರು. ಡೊಡೆಸಿಲ್ ಸಲ್ಫೇಟಿನ ಒಂದು ಅಣು ತನ್ನ ಮಿಸೆಲ್‌ನಲ್ಲಿ ಉಳಿಯುವುದು ಹತ್ತು ಮೈಕ್ರೊಸೆಕೆಂಡಿನ ಮಟ್ಟದಲ್ಲಿ. ಈ ಎರಡು ಗತಿಗಳನ್ನೂ ಒಂದೇ ಸಿದ್ಧಾಂತಕ್ಕೆ ಕಟ್ಟಿದವರು ಸ್ವೀಡನ್ನಿನ ಅನಿಯಾನ್ಸನ್ ಮತ್ತು ವಾಲ್, 1974ರಲ್ಲಿ. ಅವರ ವಿವರಣೆಯ ತಿರುಳು ಹೀಗಿದೆ: ದ್ರಾವಣದಲ್ಲಿ ಒಂಟಿ ಅಣುಗಳು ಹೇರಳ, ಪೂರ್ತಿ ಬೆಳೆದ ಮಿಸೆಲ್‌ಗಳೂ ಹೇರಳ, ಆದರೆ ಹತ್ತು ಹದಿನೈದು ಅಣುಗಳ ಅರೆಬರೆ ಗುಂಪುಗಳು ಅತಿ ವಿರಳ. ಅಣು ಒಂದು ಬಂದು ಹೋಗುವುದಕ್ಕೆ ತಡೆಯಿಲ್ಲ. ಮಿಸೆಲ್ ಪೂರ್ತಿ ಅಳಿಯಬೇಕಾದರೆ ಮಾತ್ರ ಆ ವಿರಳ ಹಂತದ ಇಕ್ಕಟ್ಟಿನಲ್ಲಿ ತೂರಲೇಬೇಕು. ಬಿಡಿಗಳು ಬೇಗ, ಇಡಿ ನಿಧಾನ ಎಂಬುದಕ್ಕೆ ಕಾರಣ ಇಷ್ಟೇ.

ದರ್ಶನಗಳನ್ನು ಈಗ ಒರೆಗೆ ಹಚ್ಚಬಹುದು. ಎಲ್ಲವೂ ಬದಲಾಗುತ್ತಿರುತ್ತದೆ ಎಂಬ ಬೌದ್ಧರ ಮಾತಿಗೆ ಮಿಸೆಲ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅವರು ಹೇಳಿದ ಒಂದು ಕ್ಷಣದೊಳಗೆ ಒಂದೊಂದು ಜಾಗದ ಅಣುವೂ ಸಾವಿರಕ್ಕೂ ಹೆಚ್ಚು ಬಾರಿ ಬದಲಾಗಿರುತ್ತದೆ. ಆದರೆ ಇಡಿ ಎಂಬುದು ಬರೀ ಹೆಸರು ಎಂಬ ಅವರ ಎರಡನೆಯ ಮಾತಿಗೆ ಪೆಟ್ಟು ಬೀಳುತ್ತದೆ. ಒಡೆಯುವ ನಿಧಾನಗತಿ ಯಾವ ಒಂಟಿ ಅಣುವಿನ ಗುಣವೂ ಅಲ್ಲ. ಅದು ಗುಂಪಿನದ್ದು. ಹೆಸರಿಗೆ ಅದರದೇ ಆದ ವೇಗ ಇರುವುದಿಲ್ಲ. ಅವಯವಗಳಿಗಿಂತ ಬೇರೆಯಾದ ಅವಯವಿ ಇದೆ ಎಂದು ಹಟ ಹಿಡಿದ ನೈಯಾಯಿಕರಿಗೆ ಇಲ್ಲಿ ಬಲ ಸಿಗುತ್ತದೆ, ಅರ್ಧ ಬಲ. ಏಕೆಂದರೆ ಒಂದು ಅವಯವ ಕಳಚಿದರೂ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎಂದೇ ಅವರ ಶಾಸ್ತ್ರವೂ ಒಪ್ಪುತ್ತದೆ. ಆ ಲೆಕ್ಕದಲ್ಲಿ ಮಿಸೆಲ್ ಸೆಕೆಂಡಿಗೆ ಲಕ್ಷಾಂತರ ಸಲ ಸಾಯಬೇಕು. ಪ್ರಯೋಗ ತೋರಿಸುವ ಸಾವು ಅದಲ್ಲ. ಜೈನರ ಚಿನ್ನದ ಉದಾಹರಣೆಯಂತೂ ಇಲ್ಲಿ ತಲೆಕೆಳಗಾಗುತ್ತದೆ. ಅಲ್ಲಿ ಚಿನ್ನ ಉಳಿದು ಆಕಾರ ಹೋಗುತ್ತದೆ. ಮಿಸೆಲ್‌ನಲ್ಲಿ ಆಕಾರ ಉಳಿದು ಚಿನ್ನ ಹರಿದುಹೋಗುತ್ತಿರುತ್ತದೆ. 962ರ ಆಚೀಚಿನ ರಾಮೇಶ್ವರ ಗುಡಿ ಈ ಎರಡನೆಯ ಬಗೆಯದ್ದು. ಜೀವಕೋಶಗಳು, ದೇಹ, ಮಠ, ಊರು ಇವೂ ಹೆಚ್ಚುಕಡಿಮೆ ಇದೇ ಬಗೆಯವು. ಉಳಿವು ಎಂದರೆ ದ್ರವ್ಯದ ಉಳಿವು ಎಂದು ಪಟ್ಟು ಹಿಡಿದರೆ ಇವುಗಳಿಗೆ ಜಾಗವೇ ಇರುವುದಿಲ್ಲ.

ಹಾಗಾದರೆ 'ಅದೇ ವಸ್ತು' ಎನ್ನಲು ಆಧಾರ ಯಾವುದು? ಪ್ರಯೋಗ ಸೂಚಿಸುವ ಉತ್ತರ: ಎರಡು ಗತಿಗಳ ನಡುವಿನ ಅಂತರ. ಬಿಡಿಗಳು ಬದಲಾಗುವ ವೇಗಕ್ಕೂ ಇಡಿ ಅಳಿಯುವ ವೇಗಕ್ಕೂ ಸಾವಿರಪಟ್ಟು ವ್ಯತ್ಯಾಸ ಇರುವಲ್ಲಿ ಇಡಿಯನ್ನು ಒಂದು ವಸ್ತು ಎಂದು ಎಣಿಸುವುದು ನ್ಯಾಯ. ಎರಡೂ ವೇಗಗಳು ಹತ್ತಿರವಾದಲ್ಲಿ ವಸ್ತು ಎಂಬ ಮಾತೇ ಸಡಿಲವಾಗುತ್ತದೆ. ಅಲ್ಲಿ ಬೌದ್ಧರ ಸಂತಾನವೇ ಸರಿಯಾದ ವಿವರಣೆ. ಇದು ಹೌದು-ಅಲ್ಲ ಎಂಬ ಉತ್ತರವಲ್ಲ, ಪ್ರಮಾಣದ ಉತ್ತರ. ಹಿಂದಿನ ದಾರ್ಶನಿಕರಿಗೆ ಇದು ಒಪ್ಪಿಗೆಯಾಗುತ್ತಿರಲಿಲ್ಲವೇನೋ.

ಪ್ರೋಟೀನುಗಳಲ್ಲಿ ಈ ಸಮಸ್ಯೆ ಇನ್ನೊಂದು ರೂಪ ತಾಳುತ್ತದೆ, ಅದರ ಕರ್ನಾಟಕದ ಅಧ್ಯಾಯ ಬೆಂಗಳೂರಿನದು. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಯಂತ್ ಉದ್ಗಾಂವ್‌ಕರ್ ಅವರ ತಂಡ 89 ಅಮೈನೊ ಆಮ್ಲಗಳ ಬಾರ್‌ಸ್ಟಾರ್ ಎಂಬ ಸಣ್ಣ ಪ್ರೋಟೀನಿನ ಮಡಿಕೆಯನ್ನು ಸ್ಟಾಪ್ಡ್ ಫ್ಲೋದಿಂದ ಅಭ್ಯಾಸ ಮಾಡಿತು. ಯೂರಿಯಾದಂಥ ವಸ್ತುವಿನಲ್ಲಿ ಬಿಚ್ಚಿಹೋದ ಸರಪಳಿಯ ದ್ರಾವಣವನ್ನು ಥಟ್ಟನೆ ತೆಳುವಾಗಿಸಿದರೆ ಸರಪಳಿ ಮತ್ತೆ ಮಡಚಿಕೊಳ್ಳುತ್ತದೆ. ಎಲ್ಲ ಭಂಗಿಗಳನ್ನೂ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ವಿಶ್ವದ ಆಯುಷ್ಯವೂ ಸಾಲದು ಎಂದು ಸೈರಸ್ ಲೆವಿಂಥಾಲ್ 1960ರ ದಶಕದ ಕೊನೆಯಲ್ಲಿ ತೋರಿಸಿದ್ದರು. ಆದ್ದರಿಂದ ಗೊತ್ತಾದ ದಾರಿ ಇರಲೇಬೇಕು ಎಂದು ಹಲವರು ನಂಬಿದ್ದರು. ಶಾಸ್ತ್ರಿ ಮತ್ತು ಉದ್ಗಾಂವ್‌ಕರ್ 1995ರಲ್ಲಿ ಪ್ರಕಟಿಸಿದ ಕೆಲಸ ದಾರಿ ಒಂದಲ್ಲ, ಹಲವು ಎಂಬುದಕ್ಕೆ ಪುರಾವೆ ಕೊಟ್ಟಿತು. ಒಂದೇ ಗಮ್ಯಕ್ಕೆ ಒಂದೇ ಬಗೆಯ ಅಣುಗಳು ಬೇರೆಬೇರೆ ಮಧ್ಯಂತರ ರೂಪಗಳನ್ನು ಹಾದು ತಲುಪುತ್ತವೆ. ಒಂಬತ್ತು, ಹತ್ತು, ಹನ್ನೊಂದು ಕ್ಷಣಗಳ ಪಟ್ಟಿಗಳಲ್ಲಿ ಯಾವುದೋ ಒಂದೇ ಸರಿ ಎಂದು ವಾದಿಸಿದವರು ಈ ಸಾಧ್ಯತೆಯನ್ನು ಎಣಿಸಿದಂತೆ ಕಾಣುವುದಿಲ್ಲ.

ಯಂತ್ರದ ಮಿತಿಗಳನ್ನೂ ಹೇಳಬೇಕು. ಕೋಶದಲ್ಲಿರುವುದು ಒಂದು ಮಿಸೆಲ್ ಅಲ್ಲ, ಕೋಟಿ ಕೋಟಿ. ಪರದೆಯ ಗೆರೆ ಅವುಗಳೆಲ್ಲದರ ಸರಾಸರಿ. ಈ ಮಿಸೆಲ್ ಆ ಮಿಸೆಲ್ಲೇ ಎಂದು ಒಂದನ್ನು ಬೆರಳಿಟ್ಟು ಗುರುತಿಸಲು ಈ ಪ್ರಯೋಗಕ್ಕೆ ಬರುವುದಿಲ್ಲ. ಒಂದೇ ಬಗೆಯವು ಎಷ್ಟು ಉಳಿದಿವೆ ಎಂದಷ್ಟೇ ಅದು ಹೇಳುತ್ತದೆ. ವ್ಯಕ್ತಿಯ ಅದೇತನವನ್ನು ಕೇಳುವ ಆತ್ಮವಿಚಾರಕ್ಕೆ ಇದರಿಂದ ನೇರ ಉತ್ತರ ಹುಡುಕುವುದು ಅವಸರವಾದೀತು. ಇನ್ನೊಂದು ಮಿತಿ ಡೆಡ್ ಟೈಮಿನದು. ಬಾರ್‌ಸ್ಟಾರ್ ಸೇರಿದಂತೆ ಅನೇಕ ಪ್ರೋಟೀನುಗಳಲ್ಲಿ ಮೊದಲ ದಾಖಲೆ ಶುರುವಾಗುವ ಹೊತ್ತಿಗೇ ಸಂಕೇತದ ಒಂದು ಪಾಲು ಬದಲಾಗಿಬಿಟ್ಟಿರುತ್ತದೆ.

ಗಡಿಗೆಯ ಜಗಳಕ್ಕೆ ತೀರ್ಪು ಕೊಡಲು ಮಾತ್ರ ಮಿಲಿಸೆಕೆಂಡ್ ಯಂತ್ರ ಬೇಕಿಲ್ಲ. ಜಟಿಂಗ ರಾಮೇಶ್ವರದಿಂದ ಕೆಲವೇ ಕಿಲೋಮೀಟರ್ ದೂರದ ಬ್ರಹ್ಮಗಿರಿಯಲ್ಲಿ 1940ರ ದಶಕದ ಮೊದಲಲ್ಲಿ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅಲ್ಲಿನ ಬೃಹತ್ ಶಿಲಾ ಸಂಸ್ಕೃತಿಯ ಮಡಕೆಗಳು ಒಳಗೂ ಬಾಯಂಚಿನಲ್ಲೂ ಕಪ್ಪು, ಹೊರಮೈಯಲ್ಲಿ ಕೆಂಪು. ಬೋರಲು ಹಾಕಿ ಸುಟ್ಟಾಗ ಗಾಳಿ ಸಿಕ್ಕ ಕಡೆ ಮಣ್ಣಿನ ಕಬ್ಬಿಣ ಆಮ್ಲಜನಕದೊಡನೆ ಸೇರಿ ಕೆಂಪಾಗುತ್ತದೆ, ಸಿಗದ ಕಡೆ ಕಪ್ಪು ಉಳಿಯುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅನಿಲ ರಂಧ್ರಗಳ ಮೂಲಕ ಒಳಹೊಕ್ಕಿದೆ, ಮಡಕೆ ನಿಂತಲ್ಲೇ ನಿಂತಿದೆ. ಒಂದೇ ಮೈಯಲ್ಲಿ ಎರಡು ಬಣ್ಣ ಇರುವುದೇ ಪಿಠರಪಾಕದ ಪರ ಸಾಕ್ಷಿ. ಗಡಿಗೆಯ ಮಟ್ಟಿಗೆ ನೈಯಾಯಿಕರು ಗೆದ್ದರು.

ಮಿಸೆಲ್ ಅಳಿಯುವ ವಿಷಯದಲ್ಲಿ ಗೆಲುವು ವೈಶೇಷಿಕರ ಕಡೆಗೆ. ತೆಳು ದ್ರಾವಣದಲ್ಲಿ ಅದು ಅಣು ಅಣುವಾಗಿ ಬಿಚ್ಚಿಕೊಂಡು ಒಂಟಿ ಅಣುಗಳವರೆಗೆ ಇಳಿದು, ಹೊಸ ಮಿಸೆಲ್ ಆ ಒಂಟಿಗಳಿಂದಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಉಪ್ಪು ಅಥವಾ ಸಾಂದ್ರತೆ ಹೆಚ್ಚಿದಾಗ ಇಡೀ ಮಿಸೆಲ್‌ಗಳೇ ಒಂದಕ್ಕೊಂದು ಕೂಡಿ, ಸೀಳುವ ದಾರಿಯೂ ತೆರೆಯುತ್ತದೆ ಎಂದು ಜರ್ಮನಿಯ ಕಾಲ್‌ವೈಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದರು. ಇದನ್ನು ಎರಡೂ ಪಕ್ಷಗಳು ಊಹಿಸಿರಲಿಲ್ಲ. ಬೆರಕೆ ಯಂತ್ರಗಳು ಈಗ ಸೆಕೆಂಡಿನ ಲಕ್ಷದ ಕೆಲವು ಪಾಲುಗಳವರೆಗೆ ಇಳಿದಿವೆ. ಅದಕ್ಕಿಂತ ಬೇಗ ನಡೆಯುವ ಬೆರಕೆಯ ಮೊದಲ ಹಂತಗಳು ಇಂದಿಗೂ ಅನುಮಾನ ಪ್ರಮಾಣಕ್ಕೇ ಸೇರಿದವು.